ಹದಿನಾಲ್ಕು ದಿನ ತಾಳಲಾರದವರ ನಡುವೆ ಲೇಬಲ್ ಅಕ್ಕ

ಬೆಳಗಿನ ಆರು ಗಂಟೆ. ಹಿತ್ತಲಿನ ಸೀಬೆ ಮರಕ್ಕೆ ಏಣಿ ಒರಗಿಸಿ ಆಕೆ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದಾರೆ. ಬಲಿಯುತ್ತಿರುವ ಕಾಯಿಗಳಿಗೆ ಒಂದೊಂದಾಗಿ ತೆಳು ಬಟ್ಟೆಯ ಚೀಲ ತೊಡಿಸಿ ದಾರ ಬಿಗಿಯುತ್ತಿದ್ದಾರೆ. ಕೆಳಗೆ ಹಲ್ಲುಜ್ಜುತ್ತಾ ನಿಂತ ಮನೆ ಯಜಮಾನರದು ಒಂದೇ ತಕರಾರು. ಕಾಯಿಗೆಲ್ಲ ಅಂಗಿ ತೊಡಿಸುತ್ತಾ ಕೂರುವ ಬದಲು ಒಮ್ಮೆ ಔಷಧಿ ಹೊಡೆಯಬಾರದೇ? ಭಾನುವಾರ ಮಗಳು ಮಕ್ಕಳೊಂದಿಗೆ ಬರುತ್ತಾಳೆ, ಹಣ್ಣಿನಲ್ಲಿ ಹುಳ ಸಿಕ್ಕರೆ ಮುಖ ಎಲ್ಲಿಡುವುದು?

“ಇವತ್ತು ಗುರುವಾರ ಸಾರ್,” ಆಕೆ ತಿರುಗಿಯೂ ನೋಡುವುದಿಲ್ಲ. “ಹೊಡೆದ ಮೇಲೆ ಹದಿನಾಲ್ಕು ದಿನ ಕೀಳಬೇಡಿ ಅಂತ ಡಬ್ಬಿ ಮೇಲೇ ಬರೆದಿದೆ. ಭಾನುವಾರಕ್ಕೆ ಎಷ್ಟು ದಿನ ಆಗುತ್ತೆ, ನೀವೇ ಹೇಳಿ.”

ಯಜಮಾನರು ಬಾಯಿ ತೊಳೆಯಲು ಒಳಗೆ ಹೋಗುತ್ತಾರೆ.

ಐವತ್ತೆರಡರ ಈಕೆಗೆ ಬಡಾವಣೆಯವರು ಇಟ್ಟ ಹೆಸರು ಲೇಬಲ್ ಅಕ್ಕ. ಅದರಲ್ಲಿ ಅರ್ಧ ಗೇಲಿ. ಓದಿದ್ದು ಏಳನೇ ಕ್ಲಾಸು. ಆದರೆ ಯಾರು ಯಾವ ಡಬ್ಬಿ ತಂದುಕೊಟ್ಟರೂ ಕೊರಳಿನ ಕನ್ನಡಕ ಏರಿಸಿ, ಇರುವೆಯಂಥ ಅಕ್ಷರಗಳನ್ನೂ ಬಿಡದೆ ಓದುತ್ತಾರೆ. ದಿನಕ್ಕೆ ಆರು ಮನೆ, ಹದಿನೈದಿಪ್ಪತ್ತು ಗಿಡ, ಇನ್ನೂರು ಚೀಲ. ಚೀಲ ಹೊಲಿಯುವುದು ಗಂಡ. ಆತ ದೊಡ್ಡ ತೋಟವೊಂದರಲ್ಲಿ ಹನ್ನೊಂದು ವರ್ಷ ಔಷಧಿ ಸಿಂಪಡಿಸುತ್ತಿದ್ದರು, ಈಕೆ ಡ್ರಮ್ಮಿನಲ್ಲಿ ಬರಿಗೈಯಲ್ಲಿ ಕಲಸಿಕೊಡುತ್ತಿದ್ದರು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಆತನಿಗೆ ಉಸಿರು ಸಾಲದು. ಹೊಲಿಗೆ ಮಿಷನ್ನು ಕಿಟಕಿ ಪಕ್ಕ ಹಾಕಿಕೊಂಡಿದ್ದಾರೆ.

“ಔಷಧಿ ಅಂತ ಹೆಸರಿಟ್ಟೋರು ಯಾರೋ,” ಎನ್ನುತ್ತಾರೆ ಅಕ್ಕ. “ಅದು ಹುಳ ಸಾಯಿಸೋಕೆ ಅಂತಾನೇ ಇರೋದು. ನಮಗೇನೂ ಮಾಡಲ್ಲ ಅಂದ್ಕೊಂಡ್ರೆ ಹೇಗೆ?”

ಹಾಗೆಂದು ಆಕೆ ಔಷಧಿಯ ಕಡುವೈರಿಯೇನಲ್ಲ. ಮರವೇ ಒಣಗುವಂತಿದ್ದರೆ, ಹೂವೂ ಕಾಯೂ ಇಲ್ಲದ ದಿನ ನೋಡಿ, ಅಳತೆ ಮೀರದೆ ಹೊಡೆಯುತ್ತಾರೆ. ತಲೆಕೆಡುವುದು ಜನರಿಂದ. ಒಬ್ಬರು ಹತ್ತಿ ಬೆಳೆಯ ವಿಷವನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಸಿಕೊಂಡು ಬಂದು ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದರು. ಇನ್ನೊಬ್ಬರು ರಾಸಾಯನಿಕವೆಂದರೆ ಮೂಗು ಮುರಿಯುವವರು. ತಂಬಾಕು ಕುದಿಸಿದ ನೀರನ್ನು ಅಂಜೂರದ ಗಿಡಕ್ಕೆ ಧಾರಾಳವಾಗಿ ಸುರಿದಿದ್ದರು. ಮನೆಯಲ್ಲಿ ಕುದಿಸಿದ್ದು ವಿಷವಾಗುವುದಿಲ್ಲವೆಂಬುದು ಅವರ ವಾದ. ಅದೂ ವಿಷವೇ ಎಂದು ತಿಳಿಸಿ ಹೇಳುವಷ್ಟರಲ್ಲಿ ಅಕ್ಕನಿಗೆ ಸಾಕುಬೇಕಾಗಿತ್ತು.

ಮೂರು ವರ್ಷದ ಹಿಂದಿನ ಮಾತು ಬಂದಾಗ ಮಾತ್ರ ಅಕ್ಕನ ಕೈ ನಿಲ್ಲುತ್ತದೆ. ಒಂದು ಮನೆಯವರು ಬಲವಂತ ಮಾಡಿದರೆಂದು ಅಕ್ಕ ಕಾಯಿ ಇದ್ದ ಮರಕ್ಕೇ ಔಷಧಿ ಹೊಡೆದಿದ್ದರು. ಎರಡು ವಾರ ಮುಟ್ಟಬೇಡಿ ಎಂದು ಮನೆಯಾಕೆಗೆ ಎರಡೆರಡು ಸಲ ಹೇಳಿ ಬಂದಿದ್ದರು. ಮರುದಿನ ಸಂಜೆಯೇ ಆ ಮನೆಯಾಕೆ ಹಣ್ಣು ಕಿತ್ತು, ಸೆರಗಿನಲ್ಲಿ ಒರೆಸಿ ಐದು ವರ್ಷದ ಮೊಮ್ಮಗಳ ಕೈಗಿತ್ತರು. ರಾತ್ರಿಯೊಳಗೆ ಮಗುವಿಗೆ ವಾಂತಿ, ಬಾಯಲ್ಲಿ ಜೊಲ್ಲು, ಆಸ್ಪತ್ರೆ. ಏನು ಹೊಡೆದದ್ದೆಂದು ಡಾಕ್ಟರು ಕೇಳಿದರೆ ಮನೆಯವರಿಗೆ ಗೊತ್ತಿಲ್ಲ. ಫೋನ್ ಬಂದೊಡನೆ ಅಕ್ಕ ಖಾಲಿ ಡಬ್ಬಿ ಹಿಡಿದು ಆಟೋ ಹತ್ತಿದರು. ಲೇಬಲ್ಲು ನೋಡಿಯೇ ಡಾಕ್ಟರು ಸರಿಯಾದ ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಮಗು ಮನೆಗೆ ಬಂತು.

ಮನೆಯವರು ಮಾತ್ರ ಬೀದಿಯೆಲ್ಲ ಅಕ್ಕನ ಮೇಲೆ ಗೂಬೆ ಕೂರಿಸಿದರು. ಕೆಲವು ತಿಂಗಳು ಯಾರೂ ಕೆಲಸಕ್ಕೆ ಕರೆಯಲಿಲ್ಲ.

“ಅವರು ಬೈದಿದ್ದಕ್ಕೆ ಬೇಜಾರಿಲ್ಲ,” ಅಕ್ಕನ ದನಿ ಇಳಿಯುತ್ತದೆ. “ಕಾಯಿ ಇರೋ ಮರಕ್ಕೆ ಹೊಡೆಯಲ್ಲ ಅಂತ ಆವತ್ತೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಈಗ ಬರುತ್ತೆ.”

ಮಹಡಿ ಮೇಲಿನ ಒಂದೂವರೆ ಕೋಣೆಯಲ್ಲಿ ಈ ದಂಪತಿಯ ಸಂಸಾರ. ಒಂದು ಕುಂಡ ಇಡಲೂ ಜಾಗವಿಲ್ಲ. ಸ್ವಂತದ್ದೊಂದು ಮರ ಬೇಕೆನಿಸುವುದಿಲ್ಲವೇ ಎಂದು ಕೇಳುತ್ತೇನೆ. ಅಕ್ಕ ಏಣಿಯನ್ನು ಹೆಗಲಿಗೇರಿಸಿಕೊಂಡು ಮುಂದಿನ ಮನೆಯ ಗೇಟಿನತ್ತ ಹೊರಡುತ್ತಾರೆ.

“ಬೇಕು ಅನ್ಸುತ್ತೆ. ಒಂದೇ ಒಂದು. ಅರ್ಧ ಹುಳ ತಿನ್ನಲಿ, ಅರ್ಧ ನಾವು ತಿಂತೀವಿ. ಅದಕ್ಕೆ ಯಾರನ್ನೂ ಒಪ್ಪಿಸೋ ಕೆಲಸ ಇರಲ್ಲವಲ್ಲ, ಅಷ್ಟು ಸಾಕು.”