ಕುರ್ಚಿಯ ಕೈಯೊಳಗೆ ಗುಲಾಬಿ ಎಲೆ

ಕಳವಿನ ಮಾಲು ನಮ್ಮ ಮನೆಯಲ್ಲೇ ಇದೆಯೆಂದು ಗೊತ್ತಾದ ಮೇಲೂ ಎರಡು ದಿನ ನಾನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತದ ಜೊತೆಗೆ ಪ್ರಾಮಾಣಿಕತೆಯನ್ನೂ ಪಾಠ ಮಾಡಿದವಳು ನಾನು. ಆದರೆ ಮಾಲಿನ ಒಡತಿ ಪಕ್ಕದ ಮನೆಯ ಖೈರುನ್ನೀಸಾ ಆಪಾ ಆಗಿದ್ದರೆ ಪ್ರಾಮಾಣಿಕತೆಗೆ ಸ್ವಲ್ಪ ಧೈರ್ಯವೂ ಬೇಕಾಗುತ್ತದೆ.

ಯಲಹಂಕದ ನಮ್ಮ ಬೀದಿಯಲ್ಲಿ ಆಪಾರ ಗುಲಾಬಿಗೆ ದೊಡ್ಡ ಹೆಸರು. ಕಣ್ಣು ಮಂಜಾಗುವವರೆಗೂ ಅವರು ಟೈಲರಿಂಗ್ ಮಾಡುತ್ತಿದ್ದವರು. ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಒಂದು ಎಲೆ ಚಾಚಿದರು. ಅಂಚಿನ ತುಂಬ ಬಳೆಚೂರು ಇಟ್ಟು ಕತ್ತರಿಸಿದಂಥ ಅರ್ಧಚಂದ್ರಗಳು.

"ಹುಳ ತಿಂದ್ರೆ ಅಂಚು ಚಿಂದಿ ಆಗಿರುತ್ತೆ ಟೀಚರ್. ಇದು ಕತ್ತರಿ ಕೆಲಸ," ಎಂದರು. ಆಮೇಲೆ ನನ್ನ ಮುಖವನ್ನು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ವೃತ್ತ ಎಳೆಯುವುದನ್ನು ಕಲಿಸಿದವಳ ಮೇಲೆ ಅನುಮಾನ ಬರುವುದು ಸಹಜವೇ.

ಆ ಮಧ್ಯಾಹ್ನ ಸಪೋಟ ಮರದ ಕೆಳಗೆ ಕಬ್ಬಿಣದ ಕುರ್ಚಿಯಲ್ಲಿ ಪೇಪರ್ ಹಿಡಿದು ತೂಕಡಿಸುತ್ತಿದ್ದೆ. ಕುರ್ಚಿಯ ಕೈ ಬರೀ ಕೊಳವೆ. ಅದರ ರಬ್ಬರ್ ಮುಚ್ಚಳ ಎಂದೋ ಬಿದ್ದುಹೋಗಿದೆ. ಕಪ್ಪನೆಯ ಸಣ್ಣ ಜೇನುಹುಳವೊಂದು ಹಸಿರು ಬಿಲ್ಲೆಯನ್ನು ಹೊಟ್ಟೆಗೆ ಅವಚಿಕೊಂಡು ಹಾರಿ ಬಂದು ಆ ಕೊಳವೆಯೊಳಗೆ ನುಸುಳಿತು. ಬಿಲ್ಲೆ ಗುಲಾಬಿ ಎಲೆಯದು.

ಇದು ಹಿಂಡು ಕಟ್ಟಿಕೊಂಡು ಬಾಳುವ ಜೇನಲ್ಲ. ರಾಣಿಯಿಲ್ಲ, ಆಳುಗಳಿಲ್ಲ, ನಮಗೆ ತುಪ್ಪವೂ ಇಲ್ಲ. ತಾಯಿ ಒಬ್ಬಳೇ ಎಲೆ ಸುತ್ತಿ ಕೋಣೆ ಮಾಡುತ್ತಾಳೆ. ಪರಾಗದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಎಲೆಯದೇ ಮುಚ್ಚಳ ಹಾಕಿ ಮುಂದಿನ ಕೋಣೆಗೆ ಕೈಹಾಕುತ್ತಾಳೆ. ನಾನು ಕುರ್ಚಿ ಬಿಟ್ಟುಕೊಟ್ಟು ಪ್ಲಾಸ್ಟಿಕ್ ಸ್ಟೂಲಿಗೆ ಇಳಿದೆ.

ಶನಿವಾರ ಆಪಾ, "ನಾಳೆ ಗಿಡಕ್ಕೆ ಔಷಧಿ ಹೊಡೆಸ್ತೀನಿ," ಎಂದಾಗ ಸುಮ್ಮನಿರಲಾಗಲಿಲ್ಲ.

"ಆಪಾ, ಕಳ್ಳಿ ನಮ್ಮನೇಲಿದಾಳೆ. ಒಂದ್ಸಲ ಬಂದು ನೋಡಿ, ಆಮೇಲೆ ಏನ್ ಬೇಕಾದ್ರೂ ಮಾಡಿ."

ಬಂದರು. ಕನ್ನಡಕ ಒರೆಸಿಕೊಂಡು ನನ್ನ ಸ್ಟೂಲಿನ ಮೇಲೆ ಕೂತರು. ಹುಳ ಒಂದು ಬಿಲ್ಲೆ ತಂದಿತು, ಹೋಯಿತು, ಇನ್ನೊಂದು ತಂದಿತು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ಹಿಂದೆ ನಿಂತಿದ್ದೆ.

"ಗೋಡೆಗೆ ಉದ್ದದ ಪೀಸು, ಮುಚ್ಚಳಕ್ಕೆ ರೌಂಡು," ಎಂದರು ಮೆಲ್ಲಗೆ. "ಅಳತೇನೇ ತಗೊಳ್ದೆ ಕಟ್ ಮಾಡ್ತಾಳೆ ನೋಡಿ. ನಂಗೆ ಹತ್ತು ವರ್ಷ ಬೇಕಾಯ್ತು." ಕೊಳವೆಯ ಬಾಯಿಗೆ ಇನ್ನಷ್ಟು ಬಗ್ಗಿ ಕೇಳಿದರು: "ಮಕ್ಕಳನ್ನ ಯಾವಾಗ ನೋಡ್ತಾಳೆ?"

"ನೋಡೋದೇ ಇಲ್ಲ ಆಪಾ. ಅವು ಹೊರಗೆ ಬರೋ ಹೊತ್ತಿಗೆ ಅವಳಿರಲ್ಲ."

"ನಾನೂ ಎಷ್ಟೋ ಮದುವೆ ಬಟ್ಟೆ ಹೊಲ್ದೆ. ಯಾವ ಹುಡುಗೀನೂ ಅದು ಹಾಕ್ಕೊಂಡು ಕೂತಿದ್ದು ನೋಡ್ಲಿಲ್ಲ," ಎಂದು ಎದ್ದರು.

ಭಾನುವಾರ ಔಷಧಿ ಹೊಡೆಯುವವನು ಬರಲಿಲ್ಲ. ಬದಲಿಗೆ ಕಾಂಪೌಂಡಿನ ಮೇಲಿಂದ ಕುಂಡದ ಸಮೇತ ಒಂದು ಗುಲಾಬಿ ಗಿಡ ಬಂತು. "ಕುರ್ಚಿ ಹತ್ರ ಇಡಿ ಟೀಚರ್. ಪಾಪ, ದಿನಕ್ಕೆ ಎಷ್ಟು ಸಲ ಗೋಡೆ ದಾಟ್ತಾಳೆ?"

ಇಟ್ಟೆ. ಆದರೂ ಅವಳು ಗೋಡೆ ದಾಟಿಯೇ ಹೋಗುತ್ತಾಳೆ. ಅವಳಿಗೆ ಆಪಾರ ಅಂಗಳದ ಎಲೆಯೇ ಆಗಬೇಕು. ನನ್ನ ಗಿಡ ಒಂದು ಊನವೂ ಇಲ್ಲದೆ ನಳನಳಿಸುತ್ತಿದೆ. ದಿನಾ ಬೆಳಿಗ್ಗೆ ಅದರ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತೇನೆ, ಎಲ್ಲಾದರೂ ಒಂದು ತೂತು ಬಿದ್ದಿದೆಯೇ ಎಂದು.