ಅವಧಾನಿ ಮೇಷ್ಟ್ರ ಲಿಫ್ಟು

ಅವಧಾನಿ ಮೇಷ್ಟ್ರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಪಾದಗಳು. ಭಾನುವಾರ ಬೆಳಿಗ್ಗೆ ಯಾರೇ ಹೋದರೂ, ಹಳೆಯ ಫಿಯೆಟ್ ಕಾರಿನ ಅಡಿಯಿಂದ ಹೊರಚಾಚಿದ ಆ ಎರಡು ಪಾದಗಳೊಂದಿಗೇ ಮಾತಾಡಬೇಕಿತ್ತು. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದವರು ಪಂಚೆ ಎತ್ತಿ ಕಟ್ಟಿ, ಮೈಗೆಲ್ಲ ಗ್ರೀಸು ಬಳಿದುಕೊಂಡು ಅಲ್ಲಿ ಮಲಗಿರುತ್ತಿದ್ದರು. ಕಾರನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ನಾನು ಅವರ ಶಿಷ್ಯ, ಆಮೇಲೆ ಪಕ್ಕದ ಮನೆಯವನು. ಶಾಸ್ತ್ರ ಓದಿದ್ದರ ಫಲವೋ ಏನೋ, ಯಾವ ಮಾತಿಗೂ ಅವರು ಎದುರು ಪಕ್ಷ ಹಿಡಿಯದೆ ಬಿಡುತ್ತಿರಲಿಲ್ಲ. "ಅದು ಸರಿ ಮಾರಾಯ, ಎದುರು ಪಕ್ಷದವನು ಏನಂತಾನೆ ಕೇಳು" ಎಂದು ಶುರುಮಾಡಿ, ಆ ಪಕ್ಷವನ್ನು ಎಷ್ಟು ಚೆನ್ನಾಗಿ ಮಂಡಿಸುತ್ತಿದ್ದರೆಂದರೆ ಕೊನೆಗೆ ತಾವೇ ಅದನ್ನು ಒಪ್ಪಿಬಿಡುತ್ತಿದ್ದರು. ಒಪ್ಪಿದ ಮೇಲೆ ಅದಕ್ಕೂ ಒಂದು ಎದುರು ಪಕ್ಷ ಹುಟ್ಟುತ್ತಿತ್ತು. ಮನೆಗೆ ಸುಣ್ಣವೋ ಬಣ್ಣವೋ ಎಂಬ ವಾದ ಎರಡು ವರ್ಷ ನಡೆದು ಗೋಡೆ ಹಾಗೇ ಉಳಿದಿತ್ತು. ಕಾರಿನ ಅಡಿಯಲ್ಲಿ ಮಾತ್ರ ಅವರಿಗೆ ಈ ಕಾಟವಿರಲಿಲ್ಲ. "ಇಲ್ಲಿ ನಟ್ಟು ಸಡಿಲ ಅಂದ್ರೆ ಸಡಿಲ, ಬಿಗಿ ಅಂದ್ರೆ ಬಿಗಿ. ತಲೆಗೆ ವಾರಕ್ಕೊಂದು ರಜ" ಎನ್ನುತ್ತಿದ್ದರು.

ನಿವೃತ್ತರಾದ ವರ್ಷ ಒಂದು ಭಾನುವಾರ ಸೊಂಟ ಹಿಡಿದುಕೊಂಡು, ಕಾರಿನ ಅಡಿಯಿಂದ ಹೊರಬರಲಾಗದೆ, ಹೆಂಡತಿ ಗಿರಿಜಮ್ಮ ಭದ್ರಾವತಿಯ ತಂಗಿ ಮನೆಯಿಂದ ವಾಪಸಾಗುವ ತನಕ ಅಲ್ಲೇ ಬಿದ್ದಿದ್ದರು. ಇನ್ನು ನೆಲದ ಮೇಲೆ ಮಲಗಿ ತೆವಳುವಂತಿಲ್ಲ ಎಂದರು ಡಾಕ್ಟರು. ಗಿರಿಜಮ್ಮನದು ಒಂದೇ ಮಾತು: ಆಯುಧಪೂಜೆಯೊಳಗೆ ಕಾರನ್ನು ಮೇಲೆತ್ತುವ ಲಿಫ್ಟು ಬರಬೇಕು, ಇಲ್ಲವೇ ಕಾರು ಮನೆ ಬಿಡಬೇಕು. ಮೇಷ್ಟ್ರ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಭದ್ರಾವತಿಯ ಕಾಗದನಗರದ ಹತ್ತಿರ ಸೆಲ್ವಂ ಎಂಬಾತ ತನ್ನ ವರ್ಕ್‌ಶಾಪ್ ಮುಚ್ಚುತ್ತಿದ್ದ. ಅವನ ಬಳಿ ಎರಡು ಲಿಫ್ಟುಗಳಿದ್ದವು. ಎರಡು ಕಂಬದ್ದು ಕಾರನ್ನು ಹೊಟ್ಟೆಯಡಿ ಕೈಕೊಟ್ಟು ಎತ್ತುತ್ತದೆ, ಚಕ್ರಗಳು ನೇತಾಡುತ್ತವೆ. ನಾಲ್ಕು ಕಂಬದ್ದರಲ್ಲಿ ಕಾರು ಎರಡು ಹಲಗೆಗಳ ಮೇಲೆ ತನ್ನ ಚಕ್ರದ ಮೇಲೇ ನಿಂತಿರುತ್ತದೆ. ಇಷ್ಟೇ ವಿಷಯ. ಇದಕ್ಕೆ ನಾವು ಮೂರು ಭಾನುವಾರ ಭದ್ರಾವತಿ ಬಸ್ಸು ಹತ್ತಿದೆವು. ಎರಡು ಕಂಬವೆಂದರೆ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿದ ಹಾಗೆ, ಬಿದ್ದರೆ ಗತಿಯೇನು ಎಂದರು ಮೇಷ್ಟ್ರು. ನಾನು ಒಪ್ಪಿದೆ. ಮಗುವಿನ ಕಾಲು ತೊಳೆಯಬೇಕಾದರೆ ಹಾಗೇ ತಾನೇ ಎತ್ತಬೇಕು ಎಂದೂ ಅವರೇ ಅಂದರು. ಅದಕ್ಕೂ ಒಪ್ಪಿದೆ. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುವವನೆಂದು ನನ್ನನ್ನು ಕರೆದುಕೊಂಡು ಹೋಗಿದ್ದರು. ಪ್ರತಿ ಸಲ ಶಿವಮೊಗ್ಗ ಮುಟ್ಟುವಷ್ಟರಲ್ಲಿ ನಾನು ಅವರ ಪಕ್ಷಕ್ಕೆ ಬಂದಿರುತ್ತಿದ್ದೆ, ಅವರು ನನ್ನದಕ್ಕೆ ಹೋಗಿರುತ್ತಿದ್ದರು.

ಮೂರನೆಯ ಸಲ ಸೆಲ್ವಂ, ನಾಳೆ ದಾವಣಗೆರೆಯವರು ಲಾರಿ ತರುತ್ತಾರೆ, ಬೇಕಾದ್ದನ್ನು ಹೇಳಿಬಿಡಿ ಎಂದ. ಹಬ್ಬಕ್ಕೆ ಎಂಟು ದಿನ ಉಳಿದಿತ್ತು. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು.

"ನನ್ನ ಕೈಲಿ ಆಗಲ್ಲ ಮಾರಾಯ. ನೀನೇ ಹೇಳು."

ನನಗೂ ತಲೆಬುಡ ತಿಳಿದಿರಲಿಲ್ಲ. ಆ ಮುಖ ನೋಡಲಾಗದೆ, ಎಲ್ಲ ಬಲ್ಲವನಂತೆ ಹೇಳಿಬಿಟ್ಟೆ: "ನಾಲ್ಕು ಕಂಬದ್ದೇ ಮೇಷ್ಟ್ರೇ. ಯೋಚನೆ ಮಾಡೋ ಮಾತೇ ಇಲ್ಲ."

ಅವರು ನನ್ನನ್ನೇ ನೋಡಿದರು. ಬೆಳಿಗ್ಗೆ ಫೋನ್ ಮಾಡುತ್ತೇನೆ ಎಂದು ಸೆಲ್ವಂಗೆ ಹೇಳಿದರು, ಹಾಗೇ ಮಾಡಿದರು ಕೂಡ.

ಜೋಡಿಸಲು ಬಂದ ಸೆಲ್ವಂ ಮೇಷ್ಟ್ರು ಕಾರು ನಿಲ್ಲಿಸುವ ಶೆಡ್ಡಿನ ಸೂರು ನೋಡಿ ಏನೋ ಹೇಳಹೊರಟ. ಮೇಷ್ಟ್ರು ಅವನನ್ನು ಕಾಫಿಗೆ ಒಳಗೆ ಕರೆದುಕೊಂಡು ಹೋದರು. ಆಯುಧಪೂಜೆಯ ದಿನ ಕಂಬಗಳಿಗೆ ಕುಂಕುಮ ಹಚ್ಚಿ ಸ್ವಿಚ್ಚು ನನ್ನ ಕೈಯಲ್ಲೇ ಒತ್ತಿಸಿದರು. ಕಾರು ಎದ್ದಿತು. ಸೊಂಟದೆತ್ತರಕ್ಕಿಂತ ತುಸು ಮೇಲೆ ಬರುತ್ತಲೇ "ನಿಲ್ಸು" ಎಂದರು. ಕಾರಿನ ತಲೆಗೂ ಸೂರಿನ ಶೀಟಿಗೂ ನಾಲ್ಕು ಬೆರಳು ಅಂತರ. ಅಡಿಯಲ್ಲಿ ನಿಲ್ಲುವುದು ದೂರದ ಮಾತು, ಬಗ್ಗುವುದೂ ಕಷ್ಟ. ಮೂರು ವಾರ ವಾದ ಮಾಡಿದ ನಾನು, ಅಳತೆಯಿಂದಲೇ ಅನ್ನ ತಿನ್ನುವವನು, ಸೂರಿಗೆ ಟೇಪು ಹಿಡಿದಿರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

ಮೇಷ್ಟ್ರು ಒಳಗಿನಿಂದ ಊಟದ ಮಣೆ ತಂದು ಕಾರಿನ ಅಡಿ ಹಾಕಿ, ಪಾಠಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂತರು. ಸ್ಪ್ಯಾನರ್ ಕೊಡು ಎಂದು ಕೈಚಾಚಿದರು. "ನಿಂತೇ ಮಾಡ್ಬೇಕು ಅಂತ ಎಲ್ಲಿ ಬರ್ದಿದೆ?"

ಹಾಗೇ ಆರು ವರ್ಷ ಕೂತು ಕೆಲಸ ಮಾಡಿದರು. ಅವರು ತೀರಿಕೊಂಡು ತಿಂಗಳಾದ ಮೇಲೆ ಒಂದು ದಿನ ಗಿರಿಜಮ್ಮನ ಮುಂದೆ ತಪ್ಪೊಪ್ಪಿಕೊಂಡೆ: ಅಂದು ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿದೆ, ಸೂರು ಅಳೆಯುವುದನ್ನೂ ಮರೆತೆ.

ಆಕೆ ಆಶ್ಚರ್ಯದಿಂದ ನೋಡಿದರು.

"ಅವರು ಅಳೆದಿದ್ರಲ್ಲಪ್ಪ. ಫೋನ್ ಮಾಡೋ ಮುಂಚೆ ಶೆಡ್ಡಲ್ಲಿ ಮಣೆ ಹಾಕ್ಕೊಂಡು ಕೂತು, ಟೇಪು ಹಿಡಿದು ನೋಡಿದ್ರು. ಕಾರು ಪೂರ್ತಿ ಏಳಲ್ಲ, ಕೂತ್ರೆ ಸಾಕಾಗತ್ತೆ ಅಂದ್ರು. ಹಾಗಾದ್ರೆ ನಿನಗೂ ಹೇಳ್ಬೇಕಲ್ವಾ ಅಂದೆ. 'ಬೇಡ ಕಣೆ. ಏನೂ ಗೊತ್ತಿಲ್ದೇ ಇದ್ರೂ ನನಗೋಸ್ಕರ ಗಟ್ಟಿಯಾಗಿ ಹೇಳ್ದ. ಅವನ ಮಾತು ಉಳೀಲಿ' ಅಂದ್ರು."