ಷಡ್ಡಕ ಆರಿಸಿದ ಡೀಸೆಲ್ ಕಾರು

ನಾಸಿಕ್ ರೋಡ್ ಸ್ಟೇಷನ್ನಿನ ಹಿಂಬದಿಯ ಗಲ್ಲಿಯಲ್ಲಿ ಗುರುಪ್ರಸಾದನ ಗ್ಯಾರೇಜು. ಹಳೆಯ ಡೀಸೆಲ್ ಕಾರು ಕೊಳ್ಳಹೊರಟವರು ಮಾತು ಪಕ್ಕಾ ಮಾಡುವ ಮೊದಲು ಅವನನ್ನು ಜೊತೆಗೆ ಕರೆದೊಯ್ಯುವುದು ಆ ಭಾಗದ ರೂಢಿ. ಪಂಚವಟಿಯ ಪುರೋಹಿತರು ಕರೆದಿದ್ದಾರೆ, ನೋಟು ಮುದ್ರಿಸುವ ಪ್ರೆಸ್ಸಿನ ನೌಕರರು ಕರೆದಿದ್ದಾರೆ, ಉಡುಪಿ ಕಡೆಯಿಂದ ಬಂದು ಖಾನಾವಳಿ ನಡೆಸುವ ಹರಿದಾಸರಂತೂ ಅವನಿಲ್ಲದೆ ಟೆಂಪೊ ಕೂಡ ಕೊಂಡವರಲ್ಲ. ಹೋದವನು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ ಕೊಟ್ಟ ಚಹಾ ಕುಡಿದು ಹಿಂದಿರುಗುತ್ತಾನೆ. ತಣ್ಣಗಿರುವ ಎಂಜಿನ್ ಮಾತ್ರ ಖರೆ ಹೇಳುತ್ತದೆ, ಬೆಳಗ್ಗೆಯೇ ಓಡಿಸಿ ಬೆಚ್ಚಗೆ ಮಾಡಿಟ್ಟದ್ದು ಮಾರುವವನ ಮಾತನ್ನೇ ಹೇಳುತ್ತದೆ ಎಂಬುದು ಅವನ ನಂಬಿಕೆ. ತಣ್ಣಗಿದ್ದರೆ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾನೆ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಡೀಸೆಲ್ ಹೆಚ್ಚಾಗಿದೆ, ಇಲ್ಲವೇ ಗಾಳಿ ಕಡಿಮೆಯಾಗಿದೆ. ಆಮೇಲೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ಅದನ್ನೇ ಬೋರಲಾಗಿ ಆ ಬಾಯಿಯ ಮೇಲಿಟ್ಟು ಕಾಯುತ್ತಾನೆ. ಮುಚ್ಚಳ ಕುಣಿದು ಹಾರಿದರೆ ಒಳಗಿನ ಪಿಸ್ಟನ್ ರಿಂಗುಗಳು ಸವೆದಿವೆ ಎಂದರ್ಥ. ಇವನ್ನೆಲ್ಲ ಅವನು ಕಲಿತದ್ದು ದ್ವಾರಕಾ ಚೌಕದ ಲಾರಿ ಗ್ಯಾರೇಜಿನಲ್ಲಿ, ಭಾಲ್ಕಿಯಿಂದ ಬಂದ ಹೊಸದರಲ್ಲಿ.

ಅವನ ಮಾವ ವಿಶ್ವನಾಥಪ್ಪನವರೂ ಭಾಲ್ಕಿ ಸೀಮೆಯವರೇ. ನಾಸಿಕ್ ಹತ್ತಿರದ ಪಿಂಪಳಗಾಂವ್ ಬಸವಂತದ ಈರುಳ್ಳಿ ಅಡತಿಯಲ್ಲಿ ಮುನೀಮರಾಗಿ ಕೂದಲು ಬೆಳ್ಳಗಾಗಿಸಿಕೊಂಡವರು. ಹಿರಿಯ ಮಗಳು ಅಶ್ವಿನಿಯನ್ನು ಗುರುಪ್ರಸಾದನಿಗೆ ಕೊಟ್ಟ ಮೇಲೆ ಆ ಮನೆಯಲ್ಲಿ ತಿರುಗುವ ವಸ್ತು ಯಾವುದು ಕೆಟ್ಟರೂ ಅವನಿಗೇ ಕರೆ ಬರುತ್ತಿತ್ತು. ಸ್ಕೂಟರು, ಬಾವಿಯ ಪಂಪು, ಅತ್ತೆ ಪ್ರೇಮಾಬಾಯಿಯವರ ಮಿಕ್ಸರು. "ದೊಡ್ಡಳಿಯಂದಿರು ಬರ್ಲಿ, ನೋಡ್ತಾರ" ಎಂಬ ಮಾತು ಆ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತಿತ್ತು. ಆ ಮಾತಿನ ಮೇಲೆಯೇ ತಾನು ನಿಂತಿದ್ದೇನೆಂದು ಗುರುಪ್ರಸಾದನಿಗೆ ತಿಳಿದದ್ದು ಅದು ನಿಂತುಹೋದಾಗ.

ಕಿರಿಯ ಮಗಳು ಸಮೀಕ್ಷಾಳನ್ನು ಕಲಬುರಗಿ ಕಡೆಯ ಮಾಳಪ್ಪನಿಗೆ ಕೊಟ್ಟರು. ಛತ್ರಪತಿ ಸಂಭಾಜಿನಗರದ ವಾಳುಜಿನಲ್ಲಿ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಮೊದಲ ದೀಪಾವಳಿಗೆ ಇಬ್ಬರೂ ಅಳಿಯಂದಿರು ಮಾವನ ಮನೆಯಲ್ಲಿ ಎಣ್ಣೆಸ್ನಾನ ಮುಗಿಸಿ ಊಟಕ್ಕೆ ಕುಳಿತಿದ್ದರು. ಗುರುಪ್ರಸಾದ ವಾಡಿಕೆಯಂತೆ, ಮಿಕ್ಸರು ಸದ್ದು ಮಾಡುತ್ತಿತ್ತಲ್ಲ, ತನ್ನಿರಿ ಎಂದ. ಅದನ್ನು ಮಾಳಪ್ಪ ಬಂದ ದಿನವೇ ಬಿಚ್ಚಿ ಸರಿಮಾಡಿದ್ದನೆಂದು ಅತ್ತೆ ಹೇಳಿದರು; ಹೇಳುತ್ತ ಮಾಳಪ್ಪನ ಬಟ್ಟಲಿಗೆ ಇನ್ನೊಂದು ಸೌಟು ತುಪ್ಪ ಹಾಕಿದರು. ಗುರುಪ್ರಸಾದನ ಬಟ್ಟಲಲ್ಲಿಯೂ ತುಪ್ಪವಿತ್ತು. ಆದರೂ ಆ ಒಂದು ಸೌಟನ್ನು ಅವನು ಲೆಕ್ಕಕ್ಕೆ ಹಿಡಿದ.

ಈ ವರ್ಷ ವಿಶ್ವನಾಥಪ್ಪನವರು ಹಳೆಯ ಡೀಸೆಲ್ ಕಾರೊಂದನ್ನು ಕೊಂಡರು. ಅದು ಗುರುಪ್ರಸಾದನಿಗೆ ತಿಳಿದದ್ದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬಂದ ಚಿತ್ರದಿಂದ. ಸಂಭಾಜಿನಗರದ ಯಾವುದೋ ಕಾಲೊನಿಯಲ್ಲಿ ಬೂದು ಬಣ್ಣದ ಕಾರು, ಬೀಗದಕೈ ಹಿಡಿದ ಮಾವ, ಪಕ್ಕದಲ್ಲಿ ಮಾಳಪ್ಪ. ಮಾಳಪ್ಪನ ಕೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಸ್ಕ್ಯಾನರ್. ಸ್ಟೀರಿಂಗಿನ ಕೆಳಗೆ ಚುಚ್ಚಿದರೆ ಎಂಜಿನ್ನಿನ ಒಳಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ತೋರಿಸುವಂಥದು. ಮಾವ ಆಮೇಲೆ ಫೋನು ಮಾಡಿ, ಮಾರುವವರು ಮಾಳಪ್ಪನ ಪರಿಚಯದವರು, ಅವತ್ತೇ ತೀರ್ಮಾನಿಸಬೇಕಿತ್ತು, ನಿಮಗೆ ಕೆಲಸದ ಗಡಿಬಿಡಿ ಇರುತ್ತದೆಂದು ಹೇಳಲಿಲ್ಲ ಎಂದರು. ಬಹಳ ಚಲೋ ಆಯಿತು ಎಂದು ಗುರುಪ್ರಸಾದ ಉತ್ತರಿಸಿದ. ಫೋನಿಟ್ಟ ಮೇಲೆ, ಅರ್ಧ ನಾಸಿಕ್ ಊರೇ ತನ್ನನ್ನು ಕರೆದೊಯ್ಯುವಾಗ ಸ್ವಂತ ಮಾವನಿಗೆ ಹಿತ್ತಲ ಗಿಡ ಮದ್ದಾಗಲಿಲ್ಲವಲ್ಲ ಎಂದು ಅಶ್ವಿನಿಯ ಮುಂದೆ ಹಾಡಿದ್ದನ್ನೇ ಹಾಡಿದ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಟೈರು ನೋಡಿದ, ಬಾಗಿಲಿನ ಸಂದು ನೋಡಿದ. ಹಿಗ್ಗಿಸಿದಷ್ಟೂ ಮಾಳಪ್ಪನ ನಗೆಯೇ ದೊಡ್ಡದಾಗಿ ಕಂಡಿತು.

ತನ್ನೊಳಗೆ ಏನು ಕೂತಿದೆಯೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆ ಕಾರು ಕೆಡಬೇಕು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಪ್ರತಿ ಭಾನುವಾರ ಮಾವನಿಗೆ ಫೋನು ಮಾಡಿ, ಗಾಡಿ ಹೇಗಿದೆ ಎಂದು ತಪ್ಪದೆ ಕೇಳುತ್ತಿದ್ದ. ಚಲೋ ಅದ ಎಂಬ ಉತ್ತರ ಬಂದ ದಿನ ಗ್ಯಾರೇಜಿಗೆ ಬಂದವರ ಮೇಲೆ ಸಿಡುಕುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆ ಉತ್ತರ ಬಂತು. ಗಾಡಿ ಎಳೆಯುತ್ತಿಲ್ಲ, ಏರಿನಲ್ಲಿ ಉಸಿರು ಕಟ್ಟಿದಂತೆ ಮಾಡುತ್ತದೆ, ಹಿಂದೆ ಕರಿ ಹೊಗೆ ಎಂದರು ಮಾವ. ಗುರುಪ್ರಸಾದನ ಎದೆಯಲ್ಲಿ ಹಬ್ಬದ ದಿನದ ಸಂಭ್ರಮವೆದ್ದಿತು. ಧ್ವನಿಯಲ್ಲಿ ಮಾತ್ರ ಕಳವಳ ತುಂಬಿಕೊಂಡು, ಕೂಡಲೇ ತನ್ನಿ ಎಂದ.

ಮರುದಿನ ಬೆಳಗ್ಗೆ ಅತ್ತೆ ಮಾವ ಬಂದಿಳಿದರು. ಕಾರಿನ ಮೂತಿಗೆ ಚೆಂಡು ಹೂವಿನ ದಪ್ಪ ಮಾಲೆ. ಪ್ರೇಮಾಬಾಯಿಯವರು ಪ್ರತಿ ಸೋಮವಾರ ಹೊಸ ಮಾಲೆ ಕಟ್ಟಿ, ವಿಭೂತಿ ಎರಚುತ್ತಿದ್ದರು. ಹಳೆಯದನ್ನು ತೆಗೆಯುತ್ತಿರಲಿಲ್ಲ. ಗಾಡಿಗೆ ಕಟ್ಟಿದ ಹೂವು ಒಣಗಿ ತಾನಾಗಿ ಉದುರಬೇಕೇ ಹೊರತು ಕೈಯಿಂದ ಕಿತ್ತರೆ ಮನೆಯ ಲಕ್ಷ್ಮಿಯನ್ನು ಕಿತ್ತಂತೆ ಎಂಬುದು ಅವರ ತವರಿನಿಂದ ಬಂದ ನೇಮ. ಗುರುಪ್ರಸಾದ ಮಾಲೆಗೆ ಕೈ ತಾಗದಂತೆ ಬಾನೆಟ್ ಎತ್ತಿದ. ಗ್ಯಾರೇಜಿಗೆ ಬರುವ ಗಾಡಿಗಳೆಲ್ಲ ಹೂವು ಮುಡಿದೇ ಬರುತ್ತಿದ್ದುದರಿಂದ ಅವನ ಕಣ್ಣಿಗೆ ಅದು ಗಾಡಿಯ ಒಂದು ಭಾಗವೇ ಆಗಿತ್ತು.

ಚಾಲೂ ಮಾಡಿಸಿದ. ಹೊಗೆ ಕಪ್ಪಗಿತ್ತು. ಬೇರೆ ಯಾರ ಕಾರಾಗಿದ್ದರೂ ಅವನ ಕೈ ಮೊದಲು ಗಾಳಿಯ ಫಿಲ್ಟರಿಗೆ ಹೋಗುತ್ತಿತ್ತು. ಅಗ್ಗದ ಕಾರಣವನ್ನು ಮೊದಲು ನೋಡು, ದುಬಾರಿಯದನ್ನು ಕೊನೆಗೆ ಎಂದು ಅವನೇ ಎಷ್ಟೋ ಜನರಿಗೆ ಬುದ್ಧಿ ಹೇಳಿದವನು. ಅಂದು ಅವನಿಗೆ ಅಗ್ಗದ ಕಾರಣ ಬೇಡವಾಗಿತ್ತು. ಆಯಿಲ್ ಮುಚ್ಚಳ ಬೋರಲಿಟ್ಟ. ಅದು ಸುಮ್ಮನೆ ಕೂತಿತು, ಅಂಚಿನಲ್ಲಿ ತುಸು ನಡುಗಿತಷ್ಟೆ. ಎಲ್ಲ ಡೀಸೆಲ್ ಎಂಜಿನ್ನುಗಳಲ್ಲೂ ಅಷ್ಟು ನಡುಗುತ್ತದೆ. ಅಂದು ಮಾತ್ರ ಅವನಿಗೆ ಅದು ಕುಣಿತವಾಗಿ ಕಂಡಿತು. ಎಕ್ಸಲರೇಟರ್ ಒತ್ತಿಸಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಸಿಳ್ಳೆಗೆ ಕಿವಿ ಕೊಟ್ಟ. ತಾನು ಕೇಳಬೇಕೆಂದಿದ್ದನ್ನೇ ಕೇಳಿಸಿಕೊಂಡ.

ಚಹಾ ತಂದ ಅಶ್ವಿನಿ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಂದೆಗೆ ಕೇಳದಂತೆ ಅಂದಳು: "ಎಂಜಿನ್ ನೋಡ್ಲಾಕತ್ತೀರೋ, ಮಾಳಪ್ಪನ್ನ ನೋಡ್ಲಾಕತ್ತೀರೋ?"

"ನಿನಗೇನು ತಿಳಿತದ, ಸುಮ್ನಿರು" ಎಂದ. ಬಳಿಕ ಕೈ ಒರೆಸಿಕೊಂಡು ಮಾವನ ಮುಂದೆ ನಿಂತು, ಟರ್ಬೊ ಹೋಗಿದೆ, ರಿಂಗುಗಳೂ ಹೋಗಿರುವಂತಿವೆ, ಎಂಜಿನ್ ಇಳಿಸದೆ ಗತಿಯಿಲ್ಲ ಎಂದು ತೀರ್ಪು ಕೊಟ್ಟ. ಕೊಳ್ಳುವ ದಿನ ತಿಳಿದವರೊಬ್ಬರು ನೋಡಿದ್ದರೆ ಈ ಪಾಡು ಇರಲಿಲ್ಲ ಎಂದೂ ಸೇರಿಸಿದ. ವಿಶ್ವನಾಥಪ್ಪನವರ ಮುಖ ಇಳಿಯಿತು. ಅವರು ಅಲ್ಲಿಂದಲೇ ಮಾಳಪ್ಪನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಎಲ್ಲವನ್ನೂ ತಿಳಿಸಿದರು.

ಈ ಗಳಿಗೆಗಾಗಿ ಗುರುಪ್ರಸಾದ ತಿಂಗಳುಗಟ್ಟಲೆ ಕಾದಿದ್ದ. ಮಾಳಪ್ಪ ವಾದಿಸುತ್ತಾನೆ, ಸ್ಕ್ಯಾನರಿನ ಮಾತೆತ್ತುತ್ತಾನೆ, ಆಗ ಅವನ ಬಾಯಿ ಕಟ್ಟಬೇಕು ಎಂದು ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದ. ಆ ಕಡೆಯಿಂದ ಬಂದ ಧ್ವನಿ ಮೆತ್ತಗಿತ್ತು.

"ಅಣ್ಣಾರು ಹೇಳ್ಯಾರಂದ್ರ ಖರೇನೇ ಇರ್ತದ್ರಿ ಮಾವಾ. ನಂದೇ ತಪ್ಪಾಯ್ತು. ಈಗೇ ಬಸ್ ಹಿಡಿದು ಬರ್ತೀನಿ. ಮಾರಿದವರ ಸಂಗಡ ನಾನೇ ಮಾತಾಡ್ತೀನಿ."

ಜೋಡಿಸಿಟ್ಟ ಉತ್ತರಗಳು ಕೆಲಸಕ್ಕೆ ಬಾರದೆ ಹೋದವು. ಗೆದ್ದವನು ತಾನು, ಆದರೂ ಈ ಮನುಷ್ಯ ಸೋಲುವುದರಲ್ಲಿಯೂ ಒಂದು ಕೈ ಮೇಲಾದನಲ್ಲ ಎಂದು ಗುರುಪ್ರಸಾದನಿಗೆ ಉರಿಯಿತು.

ಅಶ್ವಿನಿ ತಂದೆತಾಯಿಯನ್ನು ರಿಕ್ಷಾದಲ್ಲಿ ಪಂಚವಟಿಗೆ ಕರೆದೊಯ್ದಳು. ಗುರುಪ್ರಸಾದ ಕೈಯಲ್ಲಿದ್ದ ಬೇರೆ ಗಾಡಿ ಮುಗಿಸಿ, ಮಧ್ಯಾಹ್ನದ ಮೇಲೆ ಟರ್ಬೊ ಬಿಚ್ಚಲು ನಿಂತ. ಅದಕ್ಕೆ ದಾರಿ ಮಾಡಿಕೊಳ್ಳಲು ಗಾಳಿಯ ಫಿಲ್ಟರಿನ ಡಬ್ಬಿಯನ್ನು ತೆಗೆಯಲೇಬೇಕಿತ್ತು. ಕ್ಲಿಪ್ಪುಗಳನ್ನು ಎತ್ತಿ ಮುಚ್ಚಳ ತೆರೆದ. ಒಳಗೆ ಚೆಂಡು ಹೂವಿನ ಎಸಳುಗಳು ಒತ್ತೊತ್ತಾಗಿ ತುಂಬಿದ್ದವು. ಒಣಗಿದ್ದು, ಅರೆ ಒಣಗಿದ್ದು, ಮಳೆಯಲ್ಲಿ ನೆನೆದು ವಿಭೂತಿಯ ಜೊತೆ ಕಲಸಿ ಗಾರೆಯಂತೆ ಫಿಲ್ಟರಿಗೆ ಮೆತ್ತಿಕೊಂಡದ್ದು. ಆ ಕಾರಿಗೆ ಗಾಳಿ ಎಳೆದುಕೊಳ್ಳುವ ಬಾಯಿ ಇರುವುದು ಮೂತಿಯ ಜಾಲರಿಯ ಹಿಂದೆಯೇ, ಸರಿಯಾಗಿ ಮಾಲೆ ತೂಗುವ ಜಾಗದಲ್ಲಿ. ಪ್ರತಿ ಸೋಮವಾರದ ಭಕ್ತಿಯನ್ನು ಎಂಜಿನ್ನು ಉಸಿರಿನೊಡನೆ ನುಂಗಿತ್ತು.

ಅವನು ಎಸಳುಗಳನ್ನು ಕೆರೆದು ಒಂದು ಟ್ರೇಗೆ ಸುರಿದ. ಆಮೇಲೆ ಡಬ್ಬಿ ತೊಳೆದು ಹೊಸ ಫಿಲ್ಟರು ಕೂಡಿಸಿ, ಮಾಲೆಯನ್ನು ಜಾಲರಿಯಿಂದ ಸರಿಸಿ ಕಾರನ್ನು ಪಾಂಡವಲೇಣಿ ಗುಡ್ಡದ ಕಡೆಗೆ ಓಡಿಸಿಕೊಂಡು ಹೋದ. ಮುಂಬಯಿ ರಸ್ತೆಯ ಏರಿನಲ್ಲಿ ಗೇರು ಇಳಿಸದೆ ಒತ್ತಿದ. ಎಲ್ಲಿಯಾದರೂ ಒಂದು ಬಡಿತ, ಒಂದು ನಡುಕ, ಒಂದಿಷ್ಟು ಹೊಗೆ ಸಿಕ್ಕೀತೆಂದು ಹೋಗುತ್ತಲೂ ಬರುತ್ತಲೂ ಕಿವಿ ನಿಮಿರಿಸಿ ಹುಡುಕಿದ. ಸಿಗಲಿಲ್ಲ. ಇಷ್ಟು ಹಳೆಯ ಕಾರಿನಲ್ಲಿ ಇಷ್ಟು ಚೊಕ್ಕ ಎಂಜಿನ್ನನ್ನು ಅವನು ಈಚೆಗೆ ಕಂಡಿರಲಿಲ್ಲ. ಸ್ವತಃ ಹೋಗಿದ್ದರೂ ಇದನ್ನೇ ಆರಿಸುತ್ತಿದ್ದೆ ಎಂಬ ಅರಿವು ಬಂದಾಗ, ಹಾಗೆ ಆರಿಸುವ ಸುಖವನ್ನು ಮಾಳಪ್ಪ ಕಸಿದುಕೊಂಡಿದ್ದಾನೆ ಎಂದು ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಹಿಂದಿರುಗುವಾಗ ಸಂಜೆಯಾಗಿತ್ತು; ಗ್ಯಾರೇಜಿನ ಮುಂದೆ ಮಾಳಪ್ಪ ಚೀಲ ಹಿಡಿದು ನಿಂತಿದ್ದ. ಟ್ರೇಯಲ್ಲಿದ್ದ ಎಸಳಿನ ರಾಶಿಯನ್ನು ಅವನಾಗಲೇ ಕಂಡಿದ್ದ. ಗುರುಪ್ರಸಾದ ಇಳಿದು ಬರುವಾಗ ಒಂದು ಎಸಳನ್ನು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದ.

"ಇಷ್ಟೇ ಏನ್ರಿ ಅಣ್ಣಾ?"

"ಇಷ್ಟೇ."

ಮಾಳಪ್ಪ ನಗಲಿಲ್ಲ. ತುಸು ಯೋಚಿಸಿ, "ಅತ್ತಿಯವರಿಗೆ ಹೇಳೋದು ಬ್ಯಾಡ್ರಿ. ನಾ ಕಟ್ಟಿದ ಹೂವಿನಿಂದ ಗಾಡಿ ಕೆಡ್ತು ಅಂತ ಜೀವಕ್ಕ ಹಚ್ಕೋತಾರ. ಎಂಜಿನ್ ಹೋಗಿತ್ತು, ನೀವು ಸುಧಾರಿಸಿದ್ರಿ ಅಂತಾನೇ ಇರ್ಲಿ. ಕೆಟ್ಟದ್ದು ಕೊಡಿಸಿದಾಂವ ಅನ್ನೋದು ನನ್ನ ಮ್ಯಾಲೆ ಇರ್ಲಿ, ನನಗೇನು ಭಾರ ಇಲ್ಲ" ಎಂದ. ಹೇಳಿದವನೇ ಎಸಳುಗಳನ್ನು ಹಳೆಯ ಕಾಗದದಲ್ಲಿ ಕಟ್ಟಿ ಚೀಲದೊಳಗೆ ಇಟ್ಟುಕೊಂಡ.

ಗುರುಪ್ರಸಾದ ಗ್ಯಾರೇಜಿನ ಬಾಗಿಲು ಎಳೆದು ಬೀಗ ಹಾಕಿದ.

ರಾತ್ರಿ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತರು. ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದಿದ್ದ ವಿಶ್ವನಾಥಪ್ಪನವರು ಹಿಗ್ಗಿ ಹೋಗಿದ್ದರು. ಸತ್ತ ಎಂಜಿನ್ನಿಗೆ ದೊಡ್ಡಳಿಯಂದಿರು ಜೀವ ಕೊಟ್ಟರು, ಕೈ ಅಂದರೆ ಇಂಥ ಕೈ ಇರಬೇಕು ಎಂದು ಬಾಯ್ತುಂಬ ಹೊಗಳಿದರು. ಪ್ರೇಮಾಬಾಯಿಯವರು ಗುರುಪ್ರಸಾದನ ತಟ್ಟೆಗೆ ಕೇಳದೆಯೇ ಹೋಳಿಗೆ ಬಡಿಸಿದರು. ಮಾಳಪ್ಪ ಪ್ರತಿ ಮಾತಿಗೂ ತಲೆಯಾಡಿಸುತ್ತ, ಅಣ್ಣಾರ ಮುಂದೆ ನಾವೆಷ್ಟರವರು ಎನ್ನುತ್ತ ಜೋಳದ ರೊಟ್ಟಿ ಮುರಿಯುತ್ತಿದ್ದ.

ಗುರುಪ್ರಸಾದ ಬಯಸಿದ್ದೆಲ್ಲ ಅವನ ಮುಂದಿತ್ತು. ಮಾವನ ಹೊಗಳಿಕೆ, ಅತ್ತೆಯ ಕೈಯ ಹೋಳಿಗೆ, ತಲೆ ತಗ್ಗಿಸಿದ ಷಡ್ಡಕ. ಆದರೆ ಅದೆಲ್ಲವೂ ಮಾಳಪ್ಪ ಕೊಡಿಸಿದ್ದು. ಇನ್ನು ಮುಂದೆ ಈ ಮನೆಯಲ್ಲಿ ದೊಡ್ಡಳಿಯನೆನಿಸಿಕೊಂಡ ಪ್ರತಿ ಸಲವೂ ಅದು ಮಾಳಪ್ಪನ ದಾನವಾಗಿರುತ್ತದೆ. ಹಾಗೆಂದು ಬಲ್ಲವನು ಒಬ್ಬನಿರುತ್ತಾನೆ, ಅವನು ಎಂದೂ ಬಾಯಿ ಬಿಡುವುದಿಲ್ಲ. ಬಯ್ದಿದ್ದರೆ ತಾಳಿಕೊಳ್ಳಬಹುದಿತ್ತು. ಈ ಉದಾರತನವನ್ನು ತಾಳುವುದು ಅವನಿಂದ ಆಗಲಿಲ್ಲ.

"ಮಾವಾ" ಎಂದ, ಹೋಳಿಗೆಯಿಂದ ಕೈ ತೆಗೆದು. "ಎಂಜಿನ್ನಿಗೆ ಏನೂ ಆಗಿದ್ದಿಲ್ರಿ. ಟರ್ಬೊ ಇಲ್ಲ, ರಿಂಗ್ ಇಲ್ಲ. ಮಾಲಿ ಹೂವು ಗಾಳಿ ಫಿಲ್ಟರಿನ್ಯಾಗ ಹೋಗಿ ಕೂತಿತ್ತು. ಮೊದ್ಲು ಅದನ್ನ ನೋಡ್ಬೇಕಿತ್ತು, ನಾ ನೋಡ್ಲಿಲ್ಲ. ಮಾಳಪ್ಪನವರು ಸರಿಯಾದ ಗಾಡಿನೇ ಕೊಡಿಸ್ಯಾರ."

ಪ್ರೇಮಾಬಾಯಿಯವರ ಕೈಯ ಸೌಟು ಅಲ್ಲಿಯೇ ನಿಂತಿತು. ಹೂವೇನು ಮಾಡೀತು, ಕಟ್ಟುವ ಜಾಗ ತಪ್ಪಿತು, ಮುಂದಿನ ಸೋಮವಾರದಿಂದ ಒಳಗೆ ಕನ್ನಡಿಗೆ ಕಟ್ಟಿದರಾಯಿತು ಎಂದು ಅಶ್ವಿನಿ ತಾಯಿಯನ್ನು ಸಮಾಧಾನಪಡಿಸಿದಳು. ಹಾಗೆ ಹೇಳುವಾಗ ಅವಳ ಕಣ್ಣು ಗಂಡನ ಮೇಲಿತ್ತು. ವಿಶ್ವನಾಥಪ್ಪನವರು ಮೆಲ್ಲನೆ ಅಂದರು:

"ತನ್ನ ತಪ್ಪು ತಾನೇ ಹೇಳ್ಕೊಳ್ಳೋದು ಸಣ್ಣ ಮಾತಲ್ಲ. ದೊಡ್ಡಳಿಯ ಅಂದ್ರ ಹಿಂಗಿರಬೇಕು."

ಗುರುಪ್ರಸಾದ ತಲೆ ಎತ್ತಲಿಲ್ಲ. ಓರೆಗಣ್ಣಿನಿಂದ ಮಾಳಪ್ಪನ ಮುಖವನ್ನಷ್ಟೇ ನೋಡಿದ, ಆ ಮಾತು ಅಲ್ಲಿ ಎಲ್ಲಿಯಾದರೂ ಚುಚ್ಚಿತೇ ಎಂದು. ಮಾಳಪ್ಪ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು, ಖರೆ ಮಾತು ಎನ್ನುವಂತೆ ಮಾವನ ಕಡೆ ನೋಡಿ ತಲೆದೂಗುತ್ತಿದ್ದ.